ಮಠದ ಗಡಿಗೆಗೆ ಹಿಡಿ ಅಕ್ಕಿ

ಆಗ ನನಗೆ ಹತ್ತು ವರ್ಷ. ಅದಾಗಿ ಅರವತ್ತೆರಡು ವರ್ಷವಾಯಿತು. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಅರ್ಧ. ಬರೆಯುವುದು ನನ್ನ ಕೆಲಸವಲ್ಲ. ಮೊನ್ನೆ ನನ್ನ ಸೊಸೆ, ಅಕ್ಕಿ ತೆಗೆಯುವಾಗೆಲ್ಲ ಯಾಕೆ ಅತ್ತೆ ನಿಮ್ಮ ಕೈಯನ್ನೇ ನೋಡಿಕೊಳ್ಳುತ್ತೀರಿ ಎಂದು ಕೇಳಿದಳು. ಹೇಳಿದರೆ ಉದ್ದವಾಗುತ್ತದೆ ಎಂದೆ. ಬರೆದರೂ ಉದ್ದವೇ. ಆದರೆ ಬರೆಯುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ.

ನಮ್ಮ ಮನೆ ತಿ. ನರಸೀಪುರದಲ್ಲಿ ರೈಸ್ ಮಿಲ್ಲಿನ ಹಿಂದಿನ ಬೀದಿಯಲ್ಲಿತ್ತು. ಅಪ್ಪ ಅದೇ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ. ಕೂಲಿಯಲ್ಲಿ ಅರ್ಧ ದುಡ್ಡು, ಅರ್ಧ ಅಕ್ಕಿ. ಉರಿಸಲು ಭತ್ತದ ಹೊಟ್ಟು ಪುಕ್ಕಟೆ. ಮನೆಯಲ್ಲಿ ಇದ್ದದ್ದು ಎರಡೇ ಅಂಕಣ. ಮುಂದಿನದರಲ್ಲಿ ಅಪ್ಪ ಮಲಗುತ್ತಿದ್ದ. ಹಿಂದಿನದರಲ್ಲಿ ಒಲೆ, ಒರಳು, ಅಕ್ಕಿ ತುಂಬಿಡುವ ಎದೆ ಎತ್ತರದ ಮಣ್ಣಿನ ವಾಡೆ, ಮೂಲೆಯಲ್ಲಿ ಸೀರೆ ಕಟ್ಟಿ ಮರೆ ಮಾಡಿದ ಜಾಗ. ಆ ಮರೆಯಲ್ಲಿ ನಮ್ಮವ್ವ ಬಾಣಂತಿ. ತಮ್ಮ ಹುಟ್ಟಿ ಹತ್ತು ದಿನವಾಗಿತ್ತು, ಅವಳಿಗೆ ಜ್ವರ ಬಿಟ್ಟಿರಲಿಲ್ಲ. ಒಲೆಯ ಮೇಲಿನ ಗೂಡಿನಲ್ಲಿ ಒಂದು ಮಣ್ಣಿನ ಗಡಿಗೆ ಇತ್ತು. ಅದರ ಹೊಟ್ಟೆಗೆ ಮೂರು ಗೆರೆ ವಿಭೂತಿ ಬಳಿದಿತ್ತು. ಅದು ಮಠದ ಗಡಿಗೆ. ಹೊತ್ತು ಹೊತ್ತಿಗೆ ಒಲೆ ಹಚ್ಚುವ ಮುಂಚೆ ಒಂದು ಹಿಡಿ ಅಕ್ಕಿಯನ್ನು ಅದಕ್ಕೆ ಹಾಕಬೇಕು. ತಿಂಗಳಿಗೊಮ್ಮೆ, ಅಮಾವಾಸ್ಯೆ ಕಳೆದ ಸೋಮವಾರ, ಮಠದಿಂದ ಅಯ್ಯನವರು ಸೈಕಲ್ಲಿನಲ್ಲಿ ಚೀಲ ಕಟ್ಟಿಕೊಂಡು ಬಂದು ಮನೆಮನೆಯ ಗಡಿಗೆ ಬರಿದು ಮಾಡಿಕೊಂಡು ಹೋಗುತ್ತಿದ್ದರು. ಯಾರು ಒಲೆ ಹಚ್ಚುತ್ತಾರೋ ಅವರ ಕೈಯ ಹಿಡಿಯೇ ಆಗಬೇಕು. ಅದು ನಮ್ಮ ಅಜ್ಜಿಯ, ಅಂದರೆ ಅಪ್ಪನ ತಾಯಿಯ, ಕಟ್ಟಳೆ.

ಭಾದ್ರಪದದಲ್ಲಿ ಮಿಲ್ಲಿಗೆ ಭತ್ತ ಬರುವುದಿಲ್ಲ. ಹಳೆಯದು ಮುಗಿದಿರುತ್ತದೆ, ಹೊಸದು ಗದ್ದೆಯಲ್ಲಿರುತ್ತದೆ. ಆಗ ಮುಚ್ಚಿದ ಬಾಗಿಲನ್ನು ಆಯುಧಪೂಜೆಗೇ ತೆಗೆಯುವುದು. ಪ್ರತಿ ವರ್ಷ ಅಷ್ಟು ದಿನ ಬಿಗಿ ಹಿಡಿಯುತ್ತಿದ್ದೆವು. ಆ ವರ್ಷ ಬಾಣಂತನವೂ ಸೇರಿ ವಾಡೆಯ ಅಕ್ಕಿ ಬೇಗ ಇಳಿದಿತ್ತು. ಅಂಥ ಹೊತ್ತಿನಲ್ಲಿ ಹದಿನಾರು ಎಂಬ ಊರಿನಿಂದ ಅತ್ತೆ, ಅಪ್ಪನ ತಂಗಿ, ಕೂಸನ್ನು ನೋಡಲು ಬಂದಳು. ನೋಡಿ, ಉಂಡು, ಎಲೆಯಡಿಕೆ ಹಾಕಿಕೊಂಡ ಮೇಲೆ ನನ್ನ ತಂಗಿ ಶಿವಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಶಿವಿಗೆ ಆಗ ಐದು ತುಂಬಿರಲಿಲ್ಲ.

"ಅಣ್ಣ, ಇವ್ಳನ್ನ ನನ್ ಜೊತೆ ಕಳ್ಸು. ನಮ್ಮನೇಲಿ ತೊಟ್ಲು ತೂಗೋರು ಯಾರೂ ಇಲ್ಲ. ನಿಂಗೂ ಒಂದು ಒಟ್ಟೆ ಕಮ್ಮಿ ಆಯ್ತದೆ."

ಸೀರೆಯ ಮರೆಯಿಂದ ಅವ್ವನ ದನಿ ಬಂತು.

"ಅದ್ಕೇ ಇನ್ನೂ ತೊಟ್ಲು ತೂಗ್ಬೇಕು ಕಣವ್ವ. ಅದೇನು ತೂಗಾತು?"

"ನಾನೇನು ಉಲಿಯಾ ಅತ್ತಿಗೆ, ಅದ್ನ ತಿನ್ನಾಕೆ? ಎರಡು ಎಮ್ಮೆ ಕರೀತವೆ. ಆಲು ಕುಡ್ಕಂಡು ಬಿದ್ದಿರ್ತದೆ."

ಅತ್ತೆ ಕೆಟ್ಟವಳಲ್ಲ. ಹಾಲು ಕುಡಿಸುತ್ತಿದ್ದಳು, ಸುಳ್ಳಲ್ಲ. ಆದರೆ ಹಾಗೆ ನೆಂಟರ ಮನೆಗೆ ಹೋದ ಹೆಣ್ಣುಮಕ್ಕಳು ಮದುವೆಗೆ ಮುಂಚೆ ವಾಪಸು ಬಂದದ್ದನ್ನು ನಮ್ಮ ಬೀದಿಯಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ. ಒಂದು ತೊಟ್ಟಿಲು ಮುಗಿದರೆ ಇನ್ನೊಂದು, ಆಮೇಲೆ ಎಮ್ಮೆ, ಆಮೇಲೆ ಒಲೆ. ಅಪ್ಪ ಬೇಡ ಎನ್ನುತ್ತಾನೆಂದು ನಾನು ಕಾದೆ. ಅವನು ಎನ್ನಲಿಲ್ಲ. ಅಜ್ಜಿ ಎದ್ದಳು. ಸುಣ್ಣದ ಡಬ್ಬಿಯಿಂದ ಬೆರಳಿಗೆ ಸುಣ್ಣ ತೆಗೆದುಕೊಂಡು, ವಾಡೆಯೊಳಗೆ ಅರ್ಧ ಮೈ ಇಳಿಬಿಟ್ಟು, ಅಂಚಿನ ಅಕ್ಕಿಯನ್ನು ಸರಿಸಿ, ಒಳಗೋಡೆಗೆ ತಗ್ಗಿನಲ್ಲಿ ಒಂದು ಗೆರೆ ಎಳೆದಳು.

"ಮಾಲಯ ಅಮಾಸೆ ಕಳ್ದ್ ಸೋಮಾರ ಬಾ. ಅವತ್ತು ಅಕ್ಕಿ ಈ ಗೀಟಿಂದ ಮ್ಯಾಕಿದ್ರೆ ಕೂಸು ಇಲ್ಲೇ ಇರ್ತದೆ. ಕೆಳಕ್ಕಿದ್ರೆ ಕರ್ಕಂಡೋಗು. ಮಿಕ್ಕಿದ್ ಅಕ್ಕಿ ಮಿಲ್ಲು ತೆಗ್ಯೋಗಂಟ ಸಾಲಾಕಿಲ್ಲ."

ಅತ್ತೆ ಒಪ್ಪಿ ಹೋದಳು. ಮಾರನೆಯ ದಿನದಿಂದ ಅಜ್ಜಿ ಗದ್ದೆಯಲ್ಲಿ ಕಳೆ ಕೀಳುವ ಕೂಲಿಗೆ ಹೊರಟಳು. ಕತ್ತಲಿರುವಾಗ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಹೋಗುವ ಮುಂಚೆ ಪಾವು ಅಳತೆಯನ್ನು ನನ್ನ ಕೈಗೆ ಕೊಟ್ಟಳು.

"ಒಲೆ ನಿಂದು. ಏನ್ ಮಾಡ್ತೀಯೋ ಮಾಡು. ಅಚ್ಚಾಕ್ ಮುಂಚೆ ಮಠದ ಗಡಿಗೇಗೆ ಒಂದು ಇಡಿ. ಅದ್ನ ತಪ್ಸಿದ್ರೆ ಕೈ ಮುರ್ದಾಕ್ತೀನಿ."

ಶಾಲೆ ಅವತ್ತಿಗೆ ನಿಂತಿತು. ಅದಕ್ಕೆ ನಾನು ಅಳಲಿಲ್ಲ, ಮೇಷ್ಟ್ರು ಹೊಡೆಯುತ್ತಿದ್ದರು. ಉಳಿಸುವುದನ್ನು ನನಗೆ ಯಾರೂ ಕಲಿಸಲಿಲ್ಲ. ಎಲ್ಲಿ ಸೋರುತ್ತದೆ ಎಂದು ನೋಡುತ್ತ ಹೋದೆ. ನಮ್ಮವ್ವ ಒಗ್ಗರಣೆಗೆ ಸೌಟಿನಲ್ಲಿ ಎಣ್ಣೆ ಬಿಡುತ್ತಿದ್ದಳು. ನಾನು ಈರುಳ್ಳಿಯ ತುಂಡನ್ನು ಎಣ್ಣೆಗೆ ಅದ್ದಿ ಬಾಣಲೆಗೆ ಸವರಿದೆ. ಹುಣಿಸೆಹಣ್ಣನ್ನು ಒಂದು ಸಲ ಹಿಂಡಿ ಎಸೆಯುತ್ತಿದ್ದರು, ನಾನು ರಾತ್ರಿಗೂ ಹಿಂಡಿದೆ, ಮೂರನೆಯ ದಿನ ಅದರಲ್ಲೇ ತಂಬಿಗೆ ಬೆಳಗಿದೆ. ಬೆಂಕಿಪೊಟ್ಟಣ ತರಲೇ ಇಲ್ಲ. ಪಕ್ಕದ ಮನೆಯಿಂದ ತೆಂಗಿನ ಚಿಪ್ಪಿನಲ್ಲಿ ಕೆಂಡ ತಂದು ಒಣಹುಲ್ಲು ಹೊತ್ತಿಸಿ ಒಲೆಗೆ ಹಿಡಿಯುತ್ತಿದ್ದೆ. ಅಜ್ಜಿ ಸಂಜೆ ಗದ್ದೆಯ ಬದುವಿನಿಂದ ಮಡಿಲಲ್ಲಿ ಸೊಪ್ಪು ತರುತ್ತಿದ್ದಳು. ಅಣ್ಣೆ, ಹೊನಗನ್ನೆ, ಗಣಿಕೆ, ಸಿಕ್ಕಿದ್ದೆಲ್ಲ ಬೆರಕೆ. ಒಂದು ಹಿಡಿ ಹುರಳಿಯ ಜೊತೆ ಅದನ್ನು ಬೇಯಿಸಿ ಬಸಿದರೆ ಕಟ್ಟಿನಲ್ಲಿ ಬಸ್ಸಾರು, ಉಳಿದದ್ದು ಪಲ್ಯ. ಒಂದೇ ಪಾತ್ರೆ, ಒಂದೇ ಉರಿ, ಎರಡು ಅಡುಗೆ. ಬಾಣಂತಿಗೆ ಮಾತ್ರ ಬಿಸಿ ಅನ್ನ, ಬೆಳ್ಳುಳ್ಳಿ, ಮೆಣಸಿನ ಸಾರು. ಅದರಲ್ಲಿ ನಾನು ಕೈ ಹಾಕಲಿಲ್ಲ.

ಸಂತೆಗೆ ಎಲ್ಲರೂ ಬೆಳಿಗ್ಗೆ ಹೋದರೆ ನಾನು ಇಳಿಹೊತ್ತಿಗೆ ಹೋಗುತ್ತಿದ್ದೆ. ಸೋಸಲೆ ಕಡೆಯಿಂದ ತರಕಾರಿ ತರುತ್ತಿದ್ದ ಒಬ್ಬ ಹೆಂಗಸಿನ ಮುಂದೆ ನಿಂತುಕೊಳ್ಳುತ್ತಿದ್ದೆ. ಅವಳು ಬದನೆ, ಹೀರೆ, ಮೂಲಂಗಿಯನ್ನು ಗುಡ್ಡೆ ಗುಡ್ಡೆ ಹಾಕಿ ಮಾರುತ್ತಿದ್ದಳು.

"ಏನಮ್ಮಿ, ಆಗ್ಲಿಂದ ನಿಂತಿದ್ದೀಯ. ತಕತೀಯೋ, ಕಣ್ಣಲ್ಲೇ ಉಂಡ್ಕಂಡು ಓದೀಯೋ?"

"ನಿನ್ ಬಸ್ಸು ಎಷ್ಟೊತ್ಗೆ?"

"ನನ್ ಬಸ್ಸು ಕಟ್ಕಂಡು ನಿಂಗೇನು?"

"ಬಸ್ಸು ಬರ್ಲಿ, ಆಮ್ಯಾಕೆ ತಕತೀನಿ."

ಅವಳು ಪಕ್ಕದ ಮೆಣಸಿನಕಾಯಿಯವನಿಗೆ ಕೂಗಿ ಹೇಳಿದಳು.

"ನೋಡಪ್ಪ ಇವ್ಳ! ನನ್ ಗಂಡನೂ ನನ್ ಬಸ್ಸಿಗೆ ಇಂಗೆ ಕಾಯ್ದಿಲ್ಲ ಕಣ!"

ಬಸ್ಸಿನ ಹಾರನ್ನು ಕೇಳಿದೊಡನೆ ಅವಳು ಮೂರು ಗುಡ್ಡೆಯನ್ನು ಒಂದರ ಬೆಲೆಗೆ ನನ್ನ ಮಡಿಲಿಗೆ ತಳ್ಳಿ ಓಡುತ್ತಿದ್ದಳು. ಹೊತ್ತುಕೊಂಡು ಹೋಗುವುದು ಅವಳಿಗೂ ಬೇಡ. ಮೂಲಂಗಿ ಕೊಳ್ಳುವವರು ಮುರಿದು ಬಿಸಾಕಿದ ಸೊಪ್ಪನ್ನೂ ಆರಿಸಿಕೊಳ್ಳುತ್ತಿದ್ದೆ. ನಾಚಿಕೆಯಾಗಲಿಲ್ಲವೇ ಎಂದು ನನ್ನ ಮಗಳು ಒಮ್ಮೆ ಕೇಳಿದ್ದಳು. ನಾಚಿಕೆ ಯಾಕೆ? ಸೊಪ್ಪು ಚೆನ್ನಾಗಿತ್ತು.

ದಿನಾ ಬೆಳಿಗ್ಗೆ ಎದ್ದೊಡನೆ ವಾಡೆಯೊಳಗೆ ತಲೆ ಹಾಕುತ್ತಿದ್ದೆ. ಒಳಗೆ ಕತ್ತಲು. ಕೈ ಇಳಿಬಿಟ್ಟು, ಅಂಚಿನ ಅಕ್ಕಿ ಸರಿಸಿ, ಗೆರೆಯ ಮೇಲೆ ಎಷ್ಟು ಬೆರಳು ಅಕ್ಕಿ ಇದೆ ಎಂದು ಅಳೆಯುತ್ತಿದ್ದೆ. ಹತ್ತು ಬೆರಳಿದ್ದದ್ದು ಎಂಟಾಯಿತು, ಏಳಾಯಿತು. ಎಣ್ಣೆ, ಹುಣಿಸೆ, ತರಕಾರಿಯಲ್ಲಿ ಎಷ್ಟು ಉಳಿಸಿದರೂ ಅಕ್ಕಿ ಅದರ ಪಾಡಿಗೆ ಇಳಿಯುತ್ತಿತ್ತು. ಮುದ್ದೆಯ ಎಸರಿಗೆ ಒಂದಿಷ್ಟು ಅಕ್ಕಿ ಬೇಯಿಸಿ ರಾಗಿಹಿಟ್ಟು ಹಾಕುವುದು ನಮ್ಮ ಮನೆಯ ರೂಢಿ. ಅದನ್ನು ನಿಲ್ಲಿಸಿದೆ. ಮುದ್ದೆಯನ್ನೂ ಕಿರಿದು ಮಾಡಿದೆ. ಮೂರನೆಯ ದಿನ ಅಪ್ಪ ಗಂಗಳವನ್ನು ದೂರ ತಳ್ಳಿದ.

"ಏನಮ್ಮಿ ಇದು, ಮುದ್ದೆಯಾ ನಿಂಬೆಅಣ್ಣಾ?"

"ಅಷ್ಟೇ ಇರಾದು."

"ಮೂಟೆ ಒರೋ ಮೈ ಕಣೇ ಇದು!"

"ಮಿಲ್ಲು ಮುಚ್ಚೈತಲ್ಲ, ಎಲ್ಲಿ ಮೂಟೆ ಒತ್ತಿದ್ದೀಯ?"

ಅವನ ಕೈ ಎದ್ದಿತು. ನಾನು ಹಿಂದೆ ಸರಿಯಲಿಲ್ಲ. ನೀನು ಅವತ್ತೇ ಕಳಿಸಲ್ಲ ಅಂದಿದ್ದರೆ ಮುದ್ದೆ ದಪ್ಪ ಇರುತ್ತಿತ್ತು ಎಂದೆ. ಕೈ ಕೆಳಗಿಳಿಯಿತು. ಗಂಗಳವನ್ನು ತಾನೇ ಎಳೆದುಕೊಂಡು ಉಂಡ. ಆಮೇಲಿನ ದಿನಗಳಲ್ಲಿ ಉಣ್ಣುವ ಹೊತ್ತಿಗೆ ಶಿವಿಯೊಬ್ಬಳು ವಟಗುಟ್ಟುತ್ತಿದ್ದಳು. ಹದಿನಾರಿನ ಎಮ್ಮೆಗೆ ಕೊಂಬು ಎಷ್ಟಿದೆ ಎಂದು ಕೇಳುತ್ತಿದ್ದಳು.

ಒಂದು ದಿನ ಅಜ್ಜಿಗೆ ಕೆಲಸವಿರಲಿಲ್ಲ. ಅವಳೇ ಒಲೆ ಹಚ್ಚಿದಳು, ಮಠದ ಗಡಿಗೆಗೆ ಹಿಡಿ ಹಾಕಿದಳು. ನಾನು ಪಕ್ಕದಲ್ಲಿ ನಿಂತು ಅವಳ ಕೈ ನೋಡಿದೆ. ಕಳೆ ಕಿತ್ತು ಕಿತ್ತು ಮೊರದಂತಾದ ಕೈ. ಅವಳು ಆಚೆ ಹೋದ ಮೇಲೆ ಆ ಅಕ್ಕಿಯನ್ನು ಅಂದಾಜಿನಲ್ಲಿ ನನ್ನ ಕೈಯಲ್ಲಿ ಹಿಡಿದು ನೋಡಿದೆ. ನನ್ನ ಎರಡು ಹಿಡಿ ಅವಳ ಒಂದು ಹಿಡಿಗೆ ಸಮ. ಅಂದರೆ ನಾನು ಒಲೆ ಹಚ್ಚಿದ ದಿನದಿಂದ ಮಠದ ಗಡಿಗೆಗೆ ಹೋಗುತ್ತಿದ್ದದ್ದು ಅರ್ಧ. ಉಳಿದರ್ಧ ಗೊತ್ತಿಲ್ಲದಂತೆಯೇ ವಾಡೆಯಲ್ಲಿ ಉಳಿಯುತ್ತಿತ್ತು. ನನಗೆ ಭಯವಾಗಲಿಲ್ಲ, ಖುಷಿಯಾಯಿತು. ಆಮೇಲೆ ಶಿವಿಯನ್ನು ಕರೆದು ಅವಳ ಕೈಯಲ್ಲಿ ಅಕ್ಕಿ ಹಿಡಿಸಿದೆ. ಅವಳ ನಾಲ್ಕು ಹಿಡಿ ಅಜ್ಜಿಯ ಒಂದು.

ಅಜ್ಜಿ ಮತ್ತೆ ಕೂಲಿಗೆ ಹೋದ ಮಾರನೆಯ ಬೆಳಿಗ್ಗೆಯಿಂದ ಒಲೆ ಹಚ್ಚುವವಳು ಶಿವಿ. ಹುಲ್ಲಿಗೆ ಬೆಂಕಿ ಹೊತ್ತಿಸಿ ಅವಳ ಕೈಗೆ ಕೊಡುತ್ತಿದ್ದೆ, ಮೊಣಕೈ ಹಿಡಿದುಕೊಂಡು ಒಲೆಯ ಬಾಯಿಗೆ ತೋರಿಸುತ್ತಿದ್ದೆ. ಅದಕ್ಕೆ ಮುಂಚೆ ಅವಳನ್ನು ಎತ್ತಿ ಹಿಡಿದು ಗಡಿಗೆಗೆ ಅವಳ ಕೈಯಿಂದ ಹಿಡಿ ಹಾಕಿಸುತ್ತಿದ್ದೆ. ಕಟ್ಟಳೆ ತಪ್ಪಲಿಲ್ಲ. ಹಚ್ಚಿದವರ ಕೈ, ಹಚ್ಚಿದವರ ಹಿಡಿ. ಅದು ಕಳ್ಳತನ ಎಂದು ಆಗ ನನಗೆ ಅನ್ನಿಸಲಿಲ್ಲ. ಈಗಲೂ ಪೂರ್ತಿ ಅನ್ನಿಸುವುದಿಲ್ಲ. ಆದರೆ ಇದನ್ನು ಅಜ್ಜಿಗೆ ಹೇಳಬೇಡ ಎಂದು ಶಿವಿಗೆ ಹೇಳಿದ್ದೆ. ಹೀಗೆ ಇಪ್ಪತ್ತು ದಿನ ನಡೆಯಿತು.

ಸೋಮವಾರ ಬಂತು. ಅಜ್ಜಿ ಕೂಲಿಗೆ ಹೋಗಲಿಲ್ಲ. ನಾನು ನಸುಕಿನಲ್ಲೇ ವಾಡೆಯಲ್ಲಿ ಕೈ ಇಳಿಬಿಟ್ಟೆ. ಗೆರೆಯ ಮೇಲೆ ಎರಡು ಬೆರಳು ಅಕ್ಕಿ ಇತ್ತು. ಮತ್ತೆ ನೋಡಿದೆ. ಎರಡು ಬೆರಳೇ. ಶಿವಿಯ ತಲೆ ಬಾಚಿ ಜಡೆ ಹಾಕಿದೆ, ಎಣ್ಣೆಯನ್ನೂ ಹಚ್ಚಿದೆ. ಅವತ್ತೊಂದು ದಿನ ಎಣ್ಣೆ ಖರ್ಚು ಮಾಡಿದೆ. ಬಿಸಿಲೇರುವ ಹೊತ್ತಿಗೆ ಅತ್ತೆ ಬಂದಳು. ಬಂದವಳೇ ಸೆರಗು ಸಿಕ್ಕಿಸಿ ವಾಡೆಯೊಳಗೆ ಬಗ್ಗಿ ನೋಡಿದಳು. ಎದ್ದು ನನ್ನ ಮುಖ ನೋಡಿ ನಕ್ಕಳು.

"ಪರ್ವಾಗಿಲ್ಲ ಕಣವ್ವ ನೀನು! ನಿಮ್ಮವ್ವಂಗಿಂತ ವಾಸಿ ಸಂಸಾರ ಮಾಡ್ತೀಯ."

ಸೀರೆಯ ಮರೆಯಲ್ಲಿ ಅವ್ವ ಅತ್ತದ್ದು ಕೇಳಿಸಿತು. ಅಷ್ಟರಲ್ಲಿ ಬಾಗಿಲಲ್ಲಿ ಸೈಕಲ್ ಗಂಟೆಯ ಸದ್ದಾಯಿತು. ಮಠದ ಅಯ್ಯನವರು. ಅವರು ಬರುತ್ತಾರೆ ಎಂದು ನನಗೆ ಗೊತ್ತಿತ್ತು. ಆದರೆ ಅತ್ತೆ ನೋಡಿ ಒಪ್ಪಿದ ಮೇಲೆ ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಅಜ್ಜಿ ಕಾಲು ತೊಳೆದುಕೊಂಡು ಬಂದು ಗೂಡಿನಿಂದ ಗಡಿಗೆಯನ್ನು ಎರಡು ಕೈಯಲ್ಲೂ ಎತ್ತಿದಳು. ಭಾರವಿರುತ್ತದೆ ಎಂದು ಬಲ ಹಾಕಿದ್ದಳು. ಹಗುರವಿದ್ದದ್ದರಿಂದ ಅದು ಅವಳ ಎದೆಗೆ ಬಂದು ಬಡಿಯಿತು. ಅವಳು ಒಳಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಎಷ್ಟೊತ್ತು ತಪ್ಸಿದೆ?"

"ಒಂದೊತ್ತೂ ಇಲ್ಲ."

"ನನ್ ಮುಂದೆ ಸುಳ್ಳಾಡ್ಬೇಡ."

ಶಿವಿ ಮುಂದೆ ಬಂದು ಮುಷ್ಟಿ ಎತ್ತಿ ತೋರಿಸಿದಳು.

"ನಾನೇ ಆಕಿದ್ದು ಅಜ್ಜಿ! ದಿನಾ ನಾನೇ ಒಲೆ ಅಚ್ಚಿದ್ದು! ಅಕ್ಕ ಏಳ್ಬೇಡ ಅಂದಿದ್ಳು."

ಅಜ್ಜಿ ಬಗ್ಗಿ ಆ ಮುಷ್ಟಿಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡಳು. ಒಂದು ನೆಲ್ಲಿಕಾಯಿಯಷ್ಟು. ಬಿಡಿಸಿ ನೋಡಿ ಬಿಟ್ಟಳು. ಏನಾಗಿದೆ ಎಂದು ಅವಳಿಗೆ ತಿಳಿಯಿತು. ಬಾಗಿಲಲ್ಲಿದ್ದ ಅಯ್ಯನವರಿಗೂ ತಿಳಿಯಿತು. ಅವರು ನಗುಮುಖದ ಮನುಷ್ಯ.

"ಇರ್ಲಿ ಬುಡವ್ವ. ಮಠದಲ್ಲಿ ಉಣ್ಣೋ ಮಕ್ಳಿಗೆ ಯಾರ್ ಕೈ ಅಕ್ಕಿ ಅಂತ ಏನ್ ಗೊತ್ತಾದದು?"

"ನಂಗ್ ಗೊತ್ತಾಯ್ತದೆ ಸ್ವಾಮಿ. ಚೀಲ ಇಡ್ಕಳಿ."

ಎಷ್ಟು ದಿನದಿಂದ ಎಂದು ನನ್ನನ್ನು ಕೇಳಿದಳು. ಇಪ್ಪತ್ತು ಎಂದೆ. ನಲವತ್ತು ಹೊತ್ತು ಎಂದಳು. ಗಡಿಗೆಯಲ್ಲಿದ್ದದ್ದನ್ನು ಚೀಲಕ್ಕೆ ಸುರಿದು, ಅದು ಕೂಸಿನದು, ನನ್ನ ಮನೆಯದು ಬೇರೆ ಎಂದಳು. ಆಮೇಲೆ ವಾಡೆಗೆ ಬಗ್ಗಿದಳು. ಒಂದು ಹಿಡಿ ತೆಗೆದು ಚೀಲಕ್ಕೆ ಹಾಕಿ ಒಂದು ಎಂದಳು. ಎರಡು ಎಂದಳು. ಬಾಗಿಲಿಗೂ ವಾಡೆಗೂ ನಡೆಯುತ್ತಿದ್ದಳು. ಹತ್ತರ ಹೊತ್ತಿಗೆ ಅಯ್ಯನವರು ಸಾಕು ಎಂದರು. ಅಪ್ಪ ಗೋಡೆಗೆ ಆನಿಕೊಂಡು ಕೂತಿದ್ದವನು ಏಳಲಿಲ್ಲ. ಅತ್ತೆ ಬಾಯಿಗೆ ಸೆರಗು ಇಟ್ಟುಕೊಂಡಿದ್ದಳು. ಇಪ್ಪತ್ತಾದಾಗ ನಾನು ವಾಡೆಗೆ ಅಡ್ಡ ನಿಂತೆ.

"ಸಾಕಜ್ಜಿ, ಗೀಟು ಬಂದುಬುಡ್ತು!"

"ಸರ್ಕಾ."

"ಶಿವಿ ಓದ್ರೂ ಪರ್ವಾಗಿಲ್ವಾ ನಿಂಗೆ? ಮಠಕ್ಕೆ ಕೊಡೋ ಅಕ್ಕೀಲಿ ಅವ್ಳು ಇಲ್ಲೇ ಇರ್ತಿದ್ಳು!"

ಕೆನ್ನೆಗೆ ಬಿತ್ತು. ಅಕ್ಕಿಯ ಹುಡಿ ಮೆತ್ತಿದ ಕೈ. ನಾನು ಒರಳಿನ ಮೇಲೆ ಕೂತುಬಿಟ್ಟೆ. ಅಜ್ಜಿ ಜೋರು ಮಾಡಲಿಲ್ಲ, ಮೆಲ್ಲಗೆ ಹೇಳಿದಳು. ಆ ಮೆಲುದನಿಗೇ ನಾನು ಹೆಚ್ಚು ಹೆದರಿದ್ದು.

"ನಿಮ್ಮ ತಾತ ಸತ್ತಾಗ ನಿಮ್ಮಪ್ಪಂಗೆ ಮೂರು ವರ್ಸ, ಈ ನಿಮ್ಮತ್ತೆ ಮೊಲೆ ಕುಡೀತಿದ್ಳು. ಎರಡು ವರ್ಸ ಆ ಮಠದ ಪಂಕ್ತೀಲಿ ಕೂತು ಉಂಡೆವು ಕಣೇ. ಬಡ್ಸೋರು ಕೈ ಸಣ್ಣದು ಮಾಡ್ಕಂಡಿದ್ರೆ ನಿಮ್ಮಪ್ಪ ಎಲ್ಲಿರ್ತಿದ್ದ, ನೀನೆಲ್ಲಿರ್ತಿದ್ದೆ?"

ನಲವತ್ತು ಮುಗಿಯಿತು. ಅಯ್ಯನವರು ಚೀಲದ ಬಾಯಿ ಕಟ್ಟಿದರು, ಯಾರ ಮುಖವನ್ನೂ ನೋಡದೆ ವಿಭೂತಿ ಕೊಟ್ಟು ಹೋದರು. ಅತ್ತೆ ವಾಡೆಯೊಳಗೆ ಬಗ್ಗಿ ನೋಡಿದಳು. ನಾನು ನೋಡುವ ಅಗತ್ಯವಿರಲಿಲ್ಲ. ಗೆರೆ ಬೆಳ್ಳಗೆ ಮೇಲೆ ಉಳಿದಿತ್ತು. ಅತ್ತೆಗೂ ಸಂಕಟವಾಗಿತ್ತು, ಆದರೆ ಮಾತು ಮಾತೇ.

"ಅಮ್ಮಿ, ಶಿವಿ ಲಂಗ ಕಟ್ಕೊಡು. ಮೂರು ಗಂಟೆ ಬಸ್ಸಿಗೆ ಒರಡ್ತೀನಿ."

ನಾನು ಏಳಲಿಲ್ಲ. ಅಜ್ಜಿ ಎದ್ದಳು. ಗಳದ ಮೇಲಿದ್ದ ತನ್ನ ಇನ್ನೊಂದು ಸೀರೆ ಎಳೆದುಕೊಂಡಳು, ಅದರಲ್ಲಿ ಎಲೆಯಡಿಕೆ ಚೀಲ ಇಟ್ಟು ಗಂಟು ಕಟ್ಟಿದಳು.

"ಒಟ್ಟೆ ಒಂದು ಕಮ್ಮಿ ಆಗ್ಬೇಕು ತಾನೆ? ನಾನು ಬತ್ತೀನಿ ನಡಿ."

"ಅವ್ವ!" ಅತ್ತೆ ಗಾಬರಿಯಾದಳು. "ಮಗಳ ಮನೇಲಿ ಅವ್ವ ಬಂದು ಉಣ್ತಾ ಕುಂತವ್ಳೆ ಅನ್ನಾಕಿಲ್ವ ಜನ? ನಮ್ಮತ್ತೆ ಏನಂದಾಳು?"

"ಕುಂತು ಉಣ್ಣೋಕೆ ಯಾರು ಬತ್ತಾವ್ರೆ? ತೊಟ್ಲು ತೂಗ್ತೀನಿ, ಸಗಣಿ ಬಾಚ್ತೀನಿ. ಕೂಲಿಗೆ ಬಂದವ್ಳೆ ಅಂತ ಏಳು ನಿಮ್ಮತ್ತೆಗೆ."

"ಬ್ಯಾಡ ಕಣವ್ವ." ಇದು ಅಪ್ಪ. ಅವತ್ತು ಅವನು ಆಡಿದ್ದು ಅಷ್ಟೇ.

"ಸುಮ್ಕಿರ್ಲಾ. ಮಠದ ಗಡಿಗೇಲಿ ಆಟ ಆಡಿದ್ ಮನೇಲಿ ನಂಗೆ ಅನ್ನ ಇಳಿಯಾಕಿಲ್ಲ."

ಮಗನ ಮನೆ ಬಿಟ್ಟು ಮಗಳ ಮನೆಯ ಅನ್ನಕ್ಕೆ ಹೋಗುವುದು ಅವಳ ಕಾಲದ ಹೆಂಗಸಿಗೆ ಎಂಥ ಅವಮಾನ ಎಂದು ನನಗೆ ತಿಳಿದದ್ದು ನಾನೂ ಅತ್ತೆಯಾದ ಮೇಲೆ. ಮೊಮ್ಮಗಳನ್ನು ಉಳಿಸಲು ಹೋದಳು ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ಅವಳು ಹಾಗೆ ಒಂದು ಸಲವೂ ಹೇಳಲಿಲ್ಲ. ಮಿಲ್ಲು ತೆಗೆದ ಮೂರನೆಯ ದಿನ ವಾಪಸು ಬಂದಾಗಲೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಿಟ್ಟು ಮಾಡಿಕೊಂಡೇ ಹೋದಳೆಂದು ನಾನು ತಿಳಿದಿದ್ದೇನೆ. ಎರಡೂ ಇದ್ದಿರಬಹುದು. ಹೊರಡುವ ಮುಂಚೆ ಅವಳು ವಾಡೆಯೊಳಗೆ ಬಗ್ಗಿ ಸುಣ್ಣದ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿದಳು. ನನ್ನ ಕಡೆ ತಿರುಗಲಿಲ್ಲ. ಅಪ್ಪ ಗಂಟು ಹೊತ್ತುಕೊಂಡು ಬಸ್ ಸ್ಟ್ಯಾಂಡಿನವರೆಗೆ ಹೋದ. ಶಿವಿ ಬೀದಿಯ ತುದಿಯವರೆಗೂ ಅವರ ಹಿಂದೆ ಓಡಿ, ಎಮ್ಮೆಯ ಕೊಂಬು ಎಷ್ಟಿದೆ ನೋಡಿಕೊಂಡು ಬಾ ಎಂದು ಕೂಗಿದಳು.

ಮಾರನೆಯ ಬೆಳಿಗ್ಗೆ ಎದ್ದು ಪಕ್ಕದ ಮನೆಯಿಂದ ಕೆಂಡ ತಂದೆ. ಶಿವಿ ಕಣ್ಣುಜ್ಜಿಕೊಂಡು ಬಂದು ಹುಲ್ಲಿಗೆ ಕೈ ಚಾಚಿದಳು. ಕೊಡಲಿಲ್ಲ. ಗೂಡಿನ ಗಡಿಗೆಗೆ ನನ್ನ ಕೈಯಿಂದ ಎರಡು ಹಿಡಿ ಹಾಕಿ ಒಲೆ ಹಚ್ಚಿದೆ. ಮುದ್ದೆ ಒಂದು ಕಡಿಮೆ ಕಟ್ಟಿದೆ.